ಪಾಲಮ್ಮನ ಆರು ಸುರುಳಿಗಳು

ಎಪ್ಪತ್ತಾರನೆಯ ಇಸವಿಯ ಮಾರ್ಚ್ ತಿಂಗಳ ಒಂದು ಸೋಮವಾರ, ಮೂರನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದ ಕಾಟಲಿಂಗಪ್ಪ ಮೇಷ್ಟ್ರಿಗೆ ಸರ್ಕಾರಿ ಲಕೋಟೆಯೊಂದು ಬಂತು. ಐಮಂಗಲದಿಂದ ಸೈಕಲ್ ತುಳಿದುಕೊಂಡು ಹಟ್ಟಿಗೆ ಬಂದಿದ್ದ ಅಂಚೆಯವನು ರುಜು ಹಾಕಿಸಿಕೊಂಡು, ಗಡಿಗೆಯ ನೀರು ಕುಡಿದು ಹೋದ. ಕಾಟಲಿಂಗಪ್ಪ ಲಕೋಟೆ ಹರಿದು ಓದಿದ. ಇನ್ನೊಮ್ಮೆ ಓದಿದ. ಎಂಟೊಂಬತ್ಲಿ ಎಪ್ಪತ್ತೆರಡು ಎಂದು ಮಕ್ಕಳು ರಾಗವಾಗಿ ಕೂಗಿ ಮುಂದಿನದಕ್ಕೆ ಕಾದವು.

ಪತ್ರ ಚಿತ್ರದುರ್ಗದ ಸಂಗ್ರಹ ಕಚೇರಿಯದು. ಹಳ್ಳಿಯ ಹಾಡು, ಕಥೆಗಳನ್ನು ಕೂಡಿಹಾಕಲು ಎರಡು ವರ್ಷದ ಹಿಂದೆ ತೆರೆದ ಪುಟ್ಟ ಕಚೇರಿ ಅದು. ಅಲ್ಲಿಂದಲೇ ಕಾಟಲಿಂಗಪ್ಪನಿಗೆ ಟೇಪ್ ರೆಕಾರ್ಡರು, ಆರು ಸುರುಳಿ ಟೇಪು ಕೊಟ್ಟು, ‘ನಿಮ್ಮ ಹಟ್ಟಿಯಲ್ಲಿ ಹಾಡುವವರಿದ್ದರೆ ತುಂಬಿಸಿ ಇಡಿ’ ಎಂದಿದ್ದರು. ಈಗ ಬಂದ ಪತ್ರದಲ್ಲಿ ಮೂರೇ ಸಾಲು. ಯೋಜನೆಯನ್ನು ನಿಲ್ಲಿಸಲಾಗಿದೆ. ಯಂತ್ರ ಒಂದು, ಸುರುಳಿ ಆರು, ಶನಿವಾರ ಬರುವ ಜೀಪಿನಲ್ಲಿ ತಪ್ಪದೆ ಹಿಂದಿರುಗಿಸತಕ್ಕದ್ದು. ಸುರುಳಿಗಳನ್ನು ಪ್ರಚಾರದ ಭಾಷಣಗಳಿಗೆ ಮರುಬಳಕೆ ಮಾಡಲಾಗುವುದು.

ಮರುಬಳಕೆ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಟೇಪಿನ ಮೇಲೆ ಹೊಸ ದನಿ ಬಿದ್ದರೆ ಹಳೆಯದು ಇದ್ದ ಗುರುತೂ ಇರುವುದಿಲ್ಲ.

ಆ ಆರೂ ಸುರುಳಿಗಳಲ್ಲಿದ್ದದ್ದು ಪಾಲಮ್ಮನ ದನಿ. ಪಾಲಮ್ಮ ಅವನ ತಾಯಿಯ ಅಕ್ಕ. ಗಂಡ ಸತ್ತ ಮೇಲೆ ತಂಗಿಯ ಹಟ್ಟಿಗೆ ಬಂದು, ತಂಗಿಯೂ ಸತ್ತ ಮೇಲೆ ಕಾಟಲಿಂಗಪ್ಪನ ಮನೆಯಲ್ಲೇ ಉಳಿದವಳು. ದನ ಕುರಿಗಳಿಗೆ ನೀರು ಹುಡುಕಿಕೊಂಡು ಹೋಗಿ ಪ್ರಾಣ ಬಿಟ್ಟ ಸಿರಿಯಣ್ಣನೆಂಬ ವೀರನ ಹಾಡು ಅವಳಿಗೆ ಹುಟ್ಟಿನಿಂದ ಸಾವಿನವರೆಗೆ ಪೂರ್ತಿ ಬರುತ್ತಿತ್ತು. ಬೇರೆ ಹಟ್ಟಿಗಳಲ್ಲಿ ತುಣುಕು ಹಾಡುವವರು ಇದ್ದರು. ಪೂರ್ತಿ ಬಲ್ಲವಳು ಅವಳೊಬ್ಬಳೇ. ಎರಡು ಬೇಸಿಗೆ ಅವಳ ಮುಂದೆ ಯಂತ್ರವಿಟ್ಟುಕೊಂಡು ಕೂತು ಕಾಟಲಿಂಗಪ್ಪ ಒಂಬತ್ತು ಗಂಟೆಯಷ್ಟು ಹಾಡು, ಮಾತು ತುಂಬಿಸಿದ್ದ. ಬರೆದಿಟ್ಟುಕೊಂಡದ್ದು ಮಾತ್ರ ನಲವತ್ತು ಪುಟ. ಟೇಪಿನಲ್ಲಿ ಇದೆಯಲ್ಲ, ರಜೆಯಲ್ಲಿ ಬರೆದರಾಯಿತು ಎಂದುಕೊಂಡೇ ದಿನ ದೂಡಿದ್ದ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಪಾಲಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು. ನಾಲಿಗೆಯೂ ಬಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಅವಳ ಬಾಯಿಂದ ಬರುತ್ತಿದ್ದದ್ದು ಮಾತ್ರ ಬರೀ ಉಸಿರು.

ಮಂಗಳವಾರ ಅವನು ರಜೆ ಬರೆದಿಟ್ಟು ಚಿತ್ರದುರ್ಗದ ಬಸ್ಸು ಹತ್ತಿದ. ಸಂಗ್ರಹ ಕಚೇರಿಯ ಅಧಿಕಾರಿ ಕರಿಸಿದ್ದಪ್ಪ ಕೆಟ್ಟ ಮನುಷ್ಯನಲ್ಲ. ಹಿಂದೊಮ್ಮೆ ಹಟ್ಟಿಗೆ ಬಂದು, ಪಾಲಮ್ಮನ ಹಾಡು ಕೇಳಿ, ಅವಳ ಕಾಲು ಮುಟ್ಟಿ ಹೋಗಿದ್ದವರು. ಈಗ ಅವರ ಮೇಜಿನ ಮೇಲೆ ಬೇರೆ ಊರುಗಳಿಂದ ವಾಪಸು ಬಂದ ಸುರುಳಿಗಳು ರಾಶಿ ಬಿದ್ದಿದ್ದವು.

“ಸಾ, ಆಯಮ್ಮಂಗೆ ಮಾತೇ ಹೋಗೈತೆ. ಇನ್ನೊಂದ್ಸಲ ಹಾಡ್ಸಾಕೆ ಆಗಲ್ಲ,” ಅಂದ ಕಾಟಲಿಂಗಪ್ಪ. “ಇವು ಹೋದ್ರೆ ಹೋದಂಗೇ.”

“ನನ್ ಕೈಯಾಗೆ ಏನೈತ್ರಿ ಮೇಷ್ಟ್ರೆ? ಮೇಲಿಂದ ಬಂದಿರೋ ಆರ್ಡರು.”

“ನಕಲು ಮಾಡ್ಕಳಾಕೆ ಒಂದಾರು ಹೊಸ ಟೇಪಾದ್ರೂ ಕೊಡ್ರಿ.”

“ಹೊಸವು ಇದ್ದಿದ್ರೆ ಹಳೇವ್ನ ಯಾಕೆ ಕೇಳ್ತಿದ್ವಿ? ಹೊರದೇಶದಿಂದ ಬರಬೇಕು ಅವು. ಬರಾದು ನಿಂತು ವರ್ಷಾತು. ಬೆಂಗ್ಳೂರಾಗೂ ಸಿಗ್ತಿಲ್ಲ.”

“ಒಂದ್ ತಿಂಗ್ಳು ಟೈಮು ಕೊಡ್ರಿ ಸಾ. ಪೂರ್ತಿ ಬರ್ಕಂಡು ನಾನೇ ತಂದು ಒಪ್ಪಿಸ್ತೀನಿ. ಕೈ ಮುಗೀತೀನಿ.”

ಕರಿಸಿದ್ದಪ್ಪ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ದನಿ ತಗ್ಗಿಸಿದರು. “ಪ್ರಚಾರದ ಮೀಟಿಂಗಿಗೆ ಬರ್ಲಿಲ್ಲ ಅಂತ ಹೋದ ವಾರ ಇಬ್ರು ಮೇಷ್ಟ್ರನ್ನ ಸಸ್ಪೆಂಡ್ ಮಾಡಿದಾರೆ. ನಿಮ್ಮ ಹೆಸರು ಈ ಲಿಸ್ಟಿನಾಗೆ ಐತೆ, ಆರು ಸುರುಳಿ ಅಂತ ಐತೆ. ಐದು ಬಂದ್ರೆ ನಿಮ್ಮನ್ನೂ ಕೇಳ್ತಾರೆ, ನನ್ನನ್ನೂ ಕೇಳ್ತಾರೆ. ಕಾಲ ಸರಿ ಇಲ್ಲ. ಹಟ ಮಾಡಬ್ಯಾಡ್ರಿ.”

ಅವರು ಹೇಳುತ್ತಿದ್ದದ್ದು ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು. ತುರ್ತು ಪರಿಸ್ಥಿತಿ ಬಂದು ಒಂಬತ್ತು ತಿಂಗಳಾಗಿತ್ತು. ಸರ್ಕಾರಿ ನೌಕರರು ಸಂತೆಯಲ್ಲೂ ಮೆಲ್ಲಗೆ ಮಾತಾಡುತ್ತಿದ್ದರು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ. ಒಂದು ಟೇಪು, ಒಂದೇ ಒಂದು ಖಾಲಿ ಟೇಪು ಎಲ್ಲಾದರೂ ಸಿಕ್ಕರೆ?

ಆಗ ಹಿರಿಯೂರಿನ ಬೀರಪ್ಪ ನೆನಪಾದ.

ಬೀರಪ್ಪ ಅವನ ಜೊತೆ ಹೈಸ್ಕೂಲು ಓದಿದವನು. ಹಿರಿಯೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡು ಮದುವೆ ಮುಂಜಿಗೆ ಹಾಡು ಹಾಕುತ್ತಿದ್ದ. ಬುಧವಾರ ಬೆಳಗ್ಗೆ ಕಾಟಲಿಂಗಪ್ಪ ಅವನ ಮುಂದೆ ಹೋಗಿ ಕೂತು ಎಲ್ಲ ಹೇಳಿದ. ಬೀರಪ್ಪ ಬೆಸುಗೆ ಹಾಕುತ್ತಿದ್ದ ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು, ಬಹಳ ಹೊತ್ತು ತಲೆ ಕೆರೆದುಕೊಂಡ.

“ಲೇ ಕಾಟ, ನನ್ನ ಹತ್ರ ಇರಾದೇ ಮೂರು ಟೇಪು. ಎರಡು ಹೊಟ್ಟೆಪಾಡು, ಕೊಡಾಕಾಗಲ್ಲ. ಇದೊಂದೈತೆ, ಹಳೇ ಸಿನಿಮಾ ಹಾಡಿಂದು. ಈಗ ಯಾರೂ ಹಾಕು ಅನ್ನಲ್ಲ. ತಗ.”

“ಒಂದ್ರಾಗೆ ಎಷ್ಟು ಹಿಡಿತೈತೆ?”

“ಮಾಮೂಲಿ ವೇಗಕ್ಕಾದ್ರೆ ಒಂದೂವರೆ ಗಂಟೆ. ನನ್ ಮಿಷಿನ್ನಾಗೆ ನಿಧಾನಕ್ಕೆ ಓಡ್ಸಾದು ಒಂದೈತೆ. ದನಿ ಸ್ವಲ್ಪ ಮೊಂಡಾಗ್ತೈತೆ, ಆದ್ರೆ ಡಬ್ಬಲ್ ಹಿಡಿತೈತೆ. ಮೂರು ಗಂಟೆ.”

“ಇರಾದು ಒಂಬತ್ತು ಗಂಟೆ.”

“ಆ ಮೂರು ಗಂಟೇದು ಯಾವ್ದು ಅಂತ ನೋಡ್ಕಂಡು ಶುಕ್ರವಾರ ಬೆಳಿಗ್ಗೆ ಬಾ. ನಿನ್ ಮಿಷಿನ್ನಾಗೆ ಹಾಡ್ಸಾಣ, ನನ್ ಮಿಷಿನ್ನಾಗೆ ಹಿಡಿಯಾಣ. ಸಂಜೆ ಐದೂವರೆಗೆ ಲಾರಿ ಬರ್ತೈತೆ, ಹೊಸದುರ್ಗದ ಕಡೆ ಮದುವೆಗೆ ಸೆಟ್ ತಗಂಡು ಹೋಗ್ಬೇಕು. ಅಷ್ಟ್ರಾಗೆ ಮುಗೀಬೇಕು, ನೋಡು.”

ಬಸ್ಸಿನಲ್ಲಿ ವಾಪಸಾಗುವಾಗ ಕಾಟಲಿಂಗಪ್ಪ ಮಡಿಲಲ್ಲಿ ನೋಟುಬುಕ್ಕು ಇಟ್ಟುಕೊಂಡು ಪಟ್ಟಿ ಮಾಡತೊಡಗಿದ. ಸಿರಿಯಣ್ಣನ ಹುಟ್ಟು, ಮುಕ್ಕಾಲು ಗಂಟೆ. ಅದು ಬೇಕು. ಮಂದೆ ಹೊಡೆದುಕೊಂಡು ಹೋಗುವ ದಾರಿ, ಮುಕ್ಕಾಲು ಗಂಟೆ. ಬೇಕು. ಬಾವಿಯ ಜಗಳ, ಬೇಕು. ಸಾವು, ಅದಿಲ್ಲದೆ ಹಾಡೇ ಇಲ್ಲ. ಕುರಿಗಳ ಹೆಸರು ಹಿಡಿದು ಕರೆಯುವುದು ಬರೀ ಒಂದರ ಹಿಂದೊಂದು ಹೆಸರು, ಬೇಡ. ರಾಗಿ ಬೀಸುವ ಹಾಡು, ಬೇಡ. ಐದನೇ ಸುರುಳಿಯ ಎರಡನೇ ಮಗ್ಗುಲು ಬರೀ ಪಾಲಮ್ಮನ ಮಾತುಕತೆ, ಬೇಡ. ಪ್ರತಿ ‘ಬೇಡ’ ಬರೆಯುವಾಗಲೂ ತಾನೇ ಕೈಯಾರೆ ಏನನ್ನೋ ಕತ್ತು ಹಿಸುಕಿ ಕೊಂದಂತೆ ಅನ್ನಿಸಿ, ಬರೆದದ್ದನ್ನು ಹೊಡೆದುಹಾಕಿ, ಲೆಕ್ಕ ಕೂಡದೆ, ಮತ್ತೆ ಅದನ್ನೇ ಬರೆದ. ಐಮಂಗಲ ಬರುವಷ್ಟರಲ್ಲಿ ಹಾಳೆ ತೂತಾಗಿತ್ತು.

ಅವನ ಹೆಂಡತಿ ಮುದ್ದಕ್ಕ ಪಟ್ಟಿಯನ್ನು ಓದಿಸಿ ಕೇಳಿದಳು. ಅವಳಿಗೆ ಓದು ಬರದು. ಆದರೆ ಹನ್ನೆರಡು ವರ್ಷ ಪಾಲಮ್ಮನ ಜೊತೆ ಒಂದೇ ಒಲೆಯ ಮುಂದೆ ಕೂತವಳು.

“ಬೀಸೋ ಹಾಡು ಬಿಡ್ರಿ, ಅದು ನನಗೆ ಬರ್ತೈತೆ,” ಅಂದಳು. “ಉಳಿದದ್ದು ನೀವೊಬ್ರೇ ಹೆಂಗೆ ಬೇಕು ಬ್ಯಾಡ ಅಂತೀರಿ? ಅತ್ತೆ ಅಲ್ಲೇ ಕುಂತೈತೆ. ಕೇಳಬ್ಯಾಡವಾ?”

ಕೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ದನಿ ಹೋದ ಮೇಲೆ ಪಾಲಮ್ಮನ ಮುಂದೆ ಒಂದು ಸಲವೂ ಯಂತ್ರ ತೆರೆದಿರಲಿಲ್ಲ.

ಗುರುವಾರ ಬೆಳಗ್ಗೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಯಂತ್ರಕ್ಕೆ ಹೊಸ ಸೆಲ್ಲು ಹಾಕಿ, ಸಂಗತಿ ಹೇಳಿದ. ಶನಿವಾರ ಒಯ್ಯುತ್ತಾರೆ, ಅಳಿಸುತ್ತಾರೆ, ಮೂರರಲ್ಲಿ ಒಂದು ಪಾಲು ಮಾತ್ರ ಉಳಿಸಿಕೊಳ್ಳಬಹುದು. ಪಾಲಮ್ಮ ಅವನ ಮುಖವನ್ನೇ ನೋಡಿದಳು. ಅವನು ಹುಟ್ಟಿನ ಹಾಡು ಹಾಕಿದ.

ತನ್ನ ದನಿ ಕೇಳಿದ ಕೂಡಲೇ ಅವಳ ಎಡಗೈ ತಾನಾಗಿ ಗಂಟಲಿಗೆ ಹೋಯಿತು. ಬಿದ್ದುಹೋದ ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ಮುದ್ದಕ್ಕ ಸೆರಗಿನಿಂದ ಒರೆಸಿದಳು. ಪಾಲಮ್ಮ ಅತ್ತಳು, ಸದ್ದಿಲ್ಲದೆ. ಕಾಟಲಿಂಗಪ್ಪನಿಗೆ ತಡೆಯಲಾಗದೆ ನಿಲ್ಲಿಸಹೋದರೆ ಅವಳು ಬೇಡವೆಂದು ಕೈ ಆಡಿಸಿದಳು. ದಾರಿಯ ಹಾಡನ್ನು ಅವಳು ಕಣ್ಣು ಮುಚ್ಚಿ ಕೇಳಿದಳು. ಸಾವಿನ ಹಾಡು ಬಂದಾಗ, ಜನ ಸೆರಗು ಕಚ್ಚಿ ಅಳುತ್ತಿದ್ದ ಆ ಹಾಡಿಗೆ, ಅವಳು ಮುಖ ಆಚೆ ತಿರುಗಿಸಿದಳು.

“ಇದು ಬ್ಯಾಡವಾ ದೊಡ್ಡವ್ವ?”

ಅವಳು ಸುರುಳಿಗಳಿದ್ದ ಚೀಲವನ್ನು ಎಡಗೈಯಿಂದ ಎಳೆದುಕೊಂಡು, ಒಂದೊಂದೇ ರಟ್ಟಿನ ಡಬ್ಬಿ ತೆಗೆದು ನೆಲಕ್ಕಿಟ್ಟಳು. ಮೂಲೆ ಹರಿದ ಒಂದು ಡಬ್ಬಿ ಸಿಕ್ಕಾಗ ಅದನ್ನು ಮಡಿಲಿಗಿಟ್ಟುಕೊಂಡಳು. ಅದು ಐದನೆಯದು. ತುಂಬಿಸುವ ದಿನ ಮೇಕೆಮರಿಯೊಂದು ಅದರ ಮೂಲೆ ತಿಂದಿತ್ತು.

“ಅದ್ರಾಗೆ ಹಾಡಿಲ್ಲ ದೊಡ್ಡವ್ವ. ಬರೀ ಮಾತು.”

ಪಾಲಮ್ಮ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. ಕಣ್ಣು ಕೆಂಪಾಗಿತ್ತು.

ಹಾಕಿದ. ಟೇಪಿನೊಳಗಿನ ಪಾಲಮ್ಮ ಎಲೆಅಡಿಕೆ ಅಗಿಯುತ್ತ ಮಾತಾಡಿದಳು: “ನನಗೆ ಕಲ್ಸಿದ್ದು ನಮ್ಮತ್ತೆ ಬರಗೇರಮ್ಮ. ಅವಳು ಸಿರಿಯಣ್ಣ ಅನ್ನಾಗ ಕೊನೀಗೆ ಹಿಂಗೆ ಎಳೀತಿದ್ಲು, ಕೇಳು.” ಅವಳ ದನಿ ಬೇರೆಯಾಯಿತು, ದಪ್ಪಗೆ, ಮೂಗಿನಲ್ಲಿ. “ಬರಗೇರಮ್ಮಂಗೆ ಕಲ್ಸಿದ್ದು ಹುಚ್ಚಕ್ಕ. ಹುಚ್ಚಕ್ಕಂಗೆ ಉಬ್ಬಸ. ಉಸಿರು ಸಾಲ್ದೆ ಪದ ಮುರೀತಿದ್ಲು. ಆ ಮುರಿಯಾದೇ ಚೆಂದ ಅಂತ ಬರಗೇರಮ್ಮ ನನಗೆ ಕಲ್ಸಿದ್ಲು.” ಮತ್ತೆ ಬೇರೆ ದನಿ. ಹೀಗೆ ಏಳು ಜನ ಹೆಂಗಸರು. ಒಬ್ಬೊಬ್ಬಳ ಎಳೆತ, ಒಬ್ಬೊಬ್ಬಳ ನಿಲುಗಡೆ, ಒಬ್ಬಳು ಮಧ್ಯೆ ನಗುತ್ತಿದ್ದ ರೀತಿ ಕೂಡ. ಕಾಟಲಿಂಗಪ್ಪ ಆವತ್ತು ಯಂತ್ರ ಚಾಲೂ ಮಾಡಿಟ್ಟು ಹೊರಗೆ ಎದ್ದು ಹೋಗಿದ್ದ. ಇದನ್ನು ಸರಿಯಾಗಿ ಕೇಳಿದ್ದೇ ಇವತ್ತು.

ಮುದ್ದಕ್ಕ ಬಾಯಿಗೆ ಕೈ ಇಟ್ಟುಕೊಂಡು ಕೂತಿದ್ದಳು. “ಸಿರಿಯಣ್ಣಂಗೆ ಗುಡಿ ಐತೆ, ಪೂಜೆ ಐತೆ,” ಅಂದಳು. “ಇವ್ರಿಗೆ ಏನೈತ್ರಿ? ಇದ್ರಾಗೆ ಬಿಟ್ರೆ ಎಲ್ಲೂ ಇಲ್ಲ.”

ಪಾಲಮ್ಮ ಮುದ್ದಕ್ಕನ ಮೊಣಕಾಲಿನ ಮೇಲೆ ಕೈ ಇಟ್ಟಳು.

“ಆತು ದೊಡ್ಡವ್ವ. ಇದು ಇರ್ತೈತೆ,” ಎಂದು ಕಾಟಲಿಂಗಪ್ಪ ಮಾತು ಕೊಟ್ಟ. ಬಾವಿಯ ಜಗಳವನ್ನು ಪಟ್ಟಿಯಿಂದ ಹೊಡೆದು ಅಲ್ಲಿ ‘ಐದು, ಎರಡನೇ ಮಗ್ಗುಲು’ ಎಂದು ಬರೆದ. ಆ ದಿನ ಉಳಿದ ಹೊತ್ತೆಲ್ಲ ಗಂಡ ಹೆಂಡತಿ ಬಾವಿಯ ಜಗಳಕ್ಕೆ ಕೂತರು. ಯಂತ್ರ ಒಂದು ಸಾಲು ಹಾಡಿದರೆ ನಿಲ್ಲಿಸುವುದು. ಅವನು ಬರೆದು ಮುಗಿಸುವವರೆಗೆ ಮುದ್ದಕ್ಕ ಆ ಸಾಲನ್ನು ಹೇಳುತ್ತಲೇ ಇರುವುದು. ಸಂಜೆಯ ಹೊತ್ತಿಗೆ ಬೆರಳು ಮಡಿಸಲು ಬರುತ್ತಿರಲಿಲ್ಲ. ಮಾತು ಹಾಳೆಗೆ ಬಂತು. ರಾಗ ಬರಲಿಲ್ಲ.

ಶುಕ್ರವಾರ ಹತ್ತೂವರೆಗೆ ಬೀರಪ್ಪನ ಅಂಗಡಿಯಲ್ಲಿ ಎರಡೂ ಯಂತ್ರಗಳನ್ನು ತಂತಿಯಿಂದ ಕೂಡಿಸಿ, ಹೊರಗಿನ ಲಾರಿಗಳ ಸದ್ದಿಗೆ ಬಾಗಿಲು ಹಾಕಿಕೊಂಡು ಶುರುಮಾಡಿದರು. ಮೊದಲು ಹುಟ್ಟು, ಆಮೇಲೆ ದಾರಿ, ಆಮೇಲೆ ಸಾವು, ಕೊನೆಗೆ ಐದನೆಯದು ಎಂದು ಕಾಟಲಿಂಗಪ್ಪ ಸರದಿ ಹೇಳಿದ. ಪಾಲಮ್ಮನ ಬೇಡಿಕೆಯನ್ನು ಕೊನೆಗೆ ಇಟ್ಟದ್ದೇಕೆಂದು ಅವನ ಮನಸ್ಸೇ ಅವನನ್ನು ಕೇಳಿತು. ಹೇಗೂ ಎಲ್ಲಕ್ಕೂ ಜಾಗ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡ.

ಹನ್ನೆರಡಕ್ಕೆ ಎರಡು ಹಾಡು ಮುಗಿದವು. ಸಾವಿನ ಹಾಡು ಹಿಡಿದು ಕಾಲು ಗಂಟೆ ಆಗಿತ್ತು. ಸಿರಿಯಣ್ಣ ಬತ್ತಿದ ಕೆರೆಯಂಗಳದಲ್ಲಿ ಮಂಡಿಯೂರಿ ಮಣ್ಣು ತೋಡುತ್ತಿದ್ದ. ಕರೆಂಟು ಹೋಯಿತು.

ಕಾಟಲಿಂಗಪ್ಪನ ಯಂತ್ರ ಸೆಲ್ಲಿನಲ್ಲಿ ಹಾಡುತ್ತಲೇ ಇತ್ತು. ಬೀರಪ್ಪನದು ನಿಂತಿತ್ತು. ನಕಲಿಗೆ ಸೆಲ್ಲು ಉಳಿಯಲೆಂದು ಕಾಟಲಿಂಗಪ್ಪ ತನ್ನದನ್ನೂ ನಿಲ್ಲಿಸಿದ.

“ಬರ್ತೈತೆ ಬಿಡಲೇ. ದಿನಾ ಇದೇ,” ಅಂದ ಬೀರಪ್ಪ. ಒಂದು ಗಂಟೆಯಾಯಿತು, ಎರಡಾಯಿತು. ಕಾಟಲಿಂಗಪ್ಪ ಓಡಿಹೋಗಿ ಕರೆಂಟ್ ಆಫೀಸಿನಲ್ಲಿ ವಿಚಾರಿಸಿದ. ಯಾವಾಗ ಬರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಾಪಸು ಓಡಿದ. ಬೀರಪ್ಪ ತರಿಸಿದ ಮಂಡಕ್ಕಿ ಮೆಣಸಿನಕಾಯಿ ಅವನ ಮುಂದೆ ಹಾಗೇ ಆರಿತು. ಮೂರೂವರೆ. ನಾಲ್ಕು. ತಲೆಯ ಮೇಲಿದ್ದ ಬಲ್ಬನ್ನೇ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು.

ನಾಲ್ಕು ಮುಕ್ಕಾಲಾಗಲು ಐದು ನಿಮಿಷ ಇದ್ದಾಗ ಬಲ್ಬು ಹತ್ತಿತು.

“ಐದೂವರೆಗೆ ಲಾರಿ. ಮುಕ್ಕಾಲು ಗಂಟೆ ಸಿಗ್ತೈತೆ,” ಅಂದ ಬೀರಪ್ಪ. “ಯಾವ್ದು ಹಾಕ್ಲಿ? ಲಗು ಹೇಳು.”

ಸಾವಿನ ಹಾಡು ಇನ್ನೂ ಅರ್ಧ ಗಂಟೆ ಇತ್ತು. ಐದನೆಯದು ಸರಿಯಾಗಿ ಮುಕ್ಕಾಲು ಗಂಟೆ. ಎರಡೂ ಹಿಡಿಯುವಷ್ಟು ಹೊತ್ತಿಲ್ಲ. ಕಾಟಲಿಂಗಪ್ಪ ಸಾವಿನ ಸುರುಳಿಯ ಮೇಲೆ ಕೈ ಇಟ್ಟ. ಅದರಂಥ ಹಾಡು ಇನ್ನೊಂದಿಲ್ಲ. ಚಿಕ್ಕಂದಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿ ಅದನ್ನು ಕೇಳಿ ಬಿಕ್ಕಿದ್ದ. ಪಾಲಮ್ಮನಿಗೆ ಗೊತ್ತಾಗುವುದಾದರೂ ಹೇಗೆ? ಹಿಡಿದಿದ್ದೇನೆ ಅಂದರೆ ನಂಬುತ್ತಾಳೆ. ಕೇಳಿಸು ಅನ್ನಲು ಅವಳಿಗೆ ಬಾಯಿಲ್ಲ.

ಬಾಯಿಲ್ಲ ಎಂದು ತಾನೇ ಅಂದುಕೊಂಡದ್ದು ಅವನ ಎದೆಗೆ ಇರಿಯಿತು.

“ಐದು ಹಾಕು,” ಅಂದ.

“ಇದನ್ನ ಅರ್ಧಕ್ಕೇ ಬಿಡಾದಾ?”

“ಹಾಕಪ್ಪ. ಹೊತ್ತು ಹೋಗ್ತೈತೆ.”

ಬರಗೇರಮ್ಮ ಹಾಡಿದಳು, ಹುಚ್ಚಕ್ಕ ಉಸಿರು ಮುರಿದಳು. ಏಳನೆಯವಳು ಮುಗಿಯುವ ಹೊತ್ತಿಗೆ ಹೊರಗೆ ಲಾರಿಯವನು ಹಾರನ್ ಒತ್ತಿಯೇ ಒತ್ತುತ್ತಿದ್ದ. ಕಾಟಲಿಂಗಪ್ಪ ಗೋಡೆಗೆ ಹಣೆ ಇಟ್ಟು ನಿಂತಿದ್ದ.

ಶನಿವಾರ ಬೆಳಕು ಹರಿಯುವ ಮೊದಲೇ ಅವನೂ ಮುದ್ದಕ್ಕನೂ ಸಾವಿನ ಹಾಡಿನ ಉಳಿದ ಭಾಗ ಬರೆಯಲು ಕೂತರು. ಅವಸರಕ್ಕೆ ಅಕ್ಷರ ಒಂದರ ಮೇಲೊಂದು ಬಿದ್ದವು. ಸೆಲ್ಲು ಇಳಿಯುತ್ತ ಬಂದು ಪಾಲಮ್ಮನ ದನಿ ಗಂಡಸಿನ ದನಿಯಂತಾಯಿತು. ಕೆಲವು ಪದ ತಿಳಿಯಲೇ ಇಲ್ಲ. ಹತ್ತು ಗಂಟೆಗೆ ಜೀಪು ಬಂತು. ಇನ್ನೂ ಒಂದಷ್ಟು ಹಾಡು ಉಳಿದಿತ್ತು. ಕಚೇರಿಯ ಜವಾನ ಸುರುಳಿ ಎಣಿಸಿ, ಯಂತ್ರ ಒರೆಸಿ ನೋಡಿ, ರಸೀದಿ ಬರೆದುಕೊಟ್ಟ. ಪಾಲಮ್ಮ ಬಾಗಿಲ ಬಳಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ಜೀಪು ಹೋದ ಮೇಲೆ ಕಾಟಲಿಂಗಪ್ಪ ಅವಳ ಮುಂದೆ ಕುಕ್ಕರಿಸಿ, ಬೀರಪ್ಪನ ಟೇಪನ್ನು ಅವಳ ಮಡಿಲಿಗಿಟ್ಟು, “ನಿನ್ನವ್ರು ಏಳು ಜನಾನೂ ಇದ್ರಾಗೆ ಅವ್ರೆ,” ಅಂದ. ಸಾವಿನ ಹಾಡು ಉಳಿಯಲಿಲ್ಲ ಎನ್ನಲು ಹೋಗಿ, ಮಾತು ಮುಗಿಸಲಾಗದೆ ಅವಳ ಪಾದ ಹಿಡಿದುಕೊಂಡು ಮಗುವಿನಂತೆ ಅತ್ತ. ಪಾಲಮ್ಮ ಎಡಗೈಯಿಂದ ಅವನ ತಲೆ ತಡವಿದಳು.

ವೈಶಾಖದ ಒಂದು ಮಧ್ಯಾಹ್ನ ಮುದ್ದಕ್ಕನ ಜೊತೆ ಔಷಧಿ ತರಲು ಐಮಂಗಲಕ್ಕೆ ಹೋಗಿದ್ದಾಗ, ಹೆದ್ದಾರಿಯ ಪಕ್ಕ ಬಸ್ಸು ನಿಲ್ಲುವ ಕಡೆ ಪ್ರಚಾರದ ವ್ಯಾನು ನಿಂತಿತ್ತು. ಮೇಲಿನ ಎರಡು ಲೌಡ್‌ಸ್ಪೀಕರುಗಳಿಂದ ಯಾರೋ ದೊಡ್ಡ ಮನುಷ್ಯರು ಚಿಕ್ಕ ಸಂಸಾರದ ಲಾಭಗಳನ್ನು ವಿವರಿಸುತ್ತಿದ್ದರು. ಡ್ರೈವರು ಕೈಗೆ ಬಂದವರಿಗೆಲ್ಲ ಕರಪತ್ರ ಹಂಚಿ, ಎದುರಿನ ಹೋಟೆಲಿಗೆ ಊಟಕ್ಕೆ ಹೋದ. ಕಾಟಲಿಂಗಪ್ಪ ಆ ವ್ಯಾನು ಕಂಡ ಕೂಡಲೇ ಮುಖ ತಿರುಗಿಸಿ ಸರಸರ ನಡೆದ. ಭಾಷಣ ಮುಗಿಯಿತು. ಚಪ್ಪಾಳೆ ಬಿತ್ತು. ಸ್ವಲ್ಪ ಹೊತ್ತು ಗರಗರ ಸದ್ದು.

ಆಮೇಲೆ ಇಡೀ ಐಮಂಗಲಕ್ಕೆ ಕೇಳುವಂತೆ ಪಾಲಮ್ಮ ಹಾಡಿದಳು.

“ಬಾರೇ ಕರಿಬೆನ್ನೆ, ಬಾರೇ ಮುರುಕೊಂಬೆ, ಬಾರೇ ನನ್ನ ಹಾಲುಮೂತಿ...”

ಮುದ್ದಕ್ಕ ಅವನ ತೋಳು ಹಿಡಿದುಕೊಂಡಳು. ಕುರಿಗಳನ್ನು ಹೆಸರು ಹಿಡಿದು ಕರೆಯುವ ಹಾಡು. ಬರೀ ಹೆಸರೆಂದು ಅವನು ‘ಬೇಡ’ ಬರೆದಿದ್ದ ಹಾಡು. ಭಾಷಣ ಸುರುಳಿಯಷ್ಟು ಉದ್ದ ಇರಲಿಲ್ಲ; ಹೊಸ ದನಿ ಮುಟ್ಟದ ಕಡೆ ಹಳೆಯದು ಹಾಗೇ ಉಳಿದಿತ್ತು.

ಕಾಟಲಿಂಗಪ್ಪ ಓಡಿದ. ಬಾಯಿ ಒರೆಸಿಕೊಳ್ಳುತ್ತ ಹೋಟೆಲಿನಿಂದ ಬರುತ್ತಿದ್ದ ಡ್ರೈವರಿಗೆ ಅಡ್ಡ ನಿಂತ. “ಸಾ, ನಿಲ್ಲಿಸಬ್ಯಾಡ್ರಿ! ಅದು ನಮ್ಮ ದೊಡ್ಡವ್ವ. ದಮ್ಮಯ್ಯ ಅಂತೀನಿ, ಹಾಡಾಕೆ ಬಿಡ್ರಿ!”

“ಇದೇನ್ರಿ ಗ್ರಹಚಾರ? ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನನ್ ಕೆಲಸ ಹೋಗ್ತೈತೆ.”

“ಕಾಲಿಗೆ ಬೀಳ್ತೀನಿ.” ನಿಜವಾಗಿಯೂ ಬಗ್ಗಿದ.

ಡ್ರೈವರು ಹಿಂದೆ ಸರಿದ. ಸುತ್ತ ನಿಂತಿದ್ದ ಜನರನ್ನು ನೋಡಿದ, ಸ್ಪೀಕರಿನ ಕಡೆ ನೋಡಿದ. “ಎದ್ದೇಳ್ರಿ ಮೊದ್ಲು. ಎಲೆಅಡಿಕೆ ಹಾಕ್ಕಂಡು ಬರ್ತೀನಿ. ಅಲ್ಲೀತನ ಆಡ್ಲಿ,” ಎಂದು ಹೊರಟುಹೋದ.

ಜೇಬಿನಲ್ಲಿ ಪೆನ್ಸಿಲ್ಲಿತ್ತು, ಕಾಗದ ಇರಲಿಲ್ಲ. ಮುದ್ದಕ್ಕ ನೆಲಕ್ಕೆ ಬಿದ್ದಿದ್ದ ಕರಪತ್ರಗಳನ್ನು ಬಾಚಿ ತಂದಳು. ಹಿಂಬದಿ ಖಾಲಿ. ಅವನು ಮೈಲಿಗಲ್ಲಿನ ಮೇಲೆ ಕೂತು ಬರೆದ, ಅವಳು ಹಿಂದೆ ನಿಂತು ಸಾಲು ಹಿಡಿದು ಹೇಳಿದಳು. ನಲವತ್ತೊಂದು ಕುರಿಗಳ ಹೆಸರು ಸಿಕ್ಕಿತು. ಬಸ್ಸಿಗೆ ಕಾದಿದ್ದವರಲ್ಲಿ ಕೆಲವರು ಬಸ್ಸು ಬಂದರೂ ಹತ್ತಲಿಲ್ಲ.

ಡ್ರೈವರು ಬಂದು ಗುಂಡಿ ಒತ್ತಿ ಹಾಡು ನಿಲ್ಲಿಸಿದ.

“ನಾಳೆ ಎಲ್ಲಿಗೆ ಸಾ?”

“ಬಾಗೂರು. ನಾಡಿದ್ದು ಹೊಳಲ್ಕೆರೆ ಕಡೆ, ಬಿ.ದುರ್ಗ. ಬೇರೆ ಬೇರೆ ಭಾಷಣ, ಬೇರೆ ಬೇರೆ ಟೇಪು. ಯಾಕೆ?”

ಕಾಟಲಿಂಗಪ್ಪ ಹೆಂಡತಿಯ ಮುಖ ನೋಡಿದ.

“ಹೋಗಾಣ,” ಅಂದಳು ಮುದ್ದಕ್ಕ. “ಅತ್ತೇನ ಪಕ್ಕದ್ಮನೆ ಜುಂಜಮ್ಮ ನೋಡ್ಕಂತಾಳೆ.”

ಬೇಸಿಗೆ ರಜೆ ಪೂರ್ತಿ ಗಂಡ ಹೆಂಡತಿ ಆ ವ್ಯಾನಿನ ಹಿಂದೆ ಬಸ್ಸಿನಲ್ಲಿ, ಲಾರಿಯಲ್ಲಿ, ಎಷ್ಟೋ ಸಲ ನಡೆದೇ ತಿರುಗಿದರು. ಬಿಸಿಲಲ್ಲಿ ನಿಂತು ಅದೇ ಭಾಷಣಗಳನ್ನು ಮತ್ತೆ ಮತ್ತೆ ಕೇಳಿದರು. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಅಂದವರೂ ಇದ್ದರು. ಆರರಲ್ಲಿ ನಾಲ್ಕು ಸುರುಳಿಗಳ ತುದಿ ಸಿಕ್ಕಿತು, ಒಂದರಲ್ಲಿ ಹದಿನೈದು ನಿಮಿಷ, ಒಂದರಲ್ಲಿ ಹತ್ತು, ಒಂದರಲ್ಲಿ ಏಳು. ಸಾವಿನ ಹಾಡಿನ ಮೇಲೆ ಭಾಷಣ ಕೊನೆಯತನಕ ಬಿದ್ದಿತ್ತು. ಅದು ಬರಲಿಲ್ಲ, ಮುಂದೆಯೂ ಬರಲಿಲ್ಲ.

ನಾಲ್ಕನೆಯದು ಸಿಕ್ಕಿದ್ದು ಬಿ.ದುರ್ಗದಲ್ಲಿ. ಮುಕ್ಕಾಲು ತಾಸು ಭಾಷಣ ಮುಗಿದ ಮೇಲೆ ಉಳಿದದ್ದು ಗಟ್ಟಿಯಾಗಿ ಅರ್ಧ ನಿಮಿಷ. ಅದರಲ್ಲಿ ಹಾಡು ಇರಲಿಲ್ಲ. ಪಾಲಮ್ಮ ಕೆಮ್ಮಿದಳು, ಬಳೆ ಸದ್ದಾಯಿತು, “ಸಾಕೇನಪ್ಪ ಕಾಟ? ಗಂಟ್ಲು ಒಣಗ್ತು, ಒಂದಿಷ್ಟು ನೀರು ಕೊಡು,” ಅಂದಳು. ಸುರುಳಿ ಮುಗಿಯಿತು.

ಕಾಟಲಿಂಗಪ್ಪ ಅದನ್ನೂ ಬರೆದುಕೊಂಡ. ಕೆಳಗೆ ಊರಿನ ಹೆಸರು, ತಾರೀಖು ಹಾಕಿದ.